ಮೊಬೈಲ್‌ನ್ಯಾಗ ಐತಲ್ಲ!

ಲಗ್ನ ಮುಗಿದು, ಬೀಗರನ್ನು ಸಾಗಹಾಕಿ, ಪೆಂಡಾಲಿನವನು ಖುರ್ಚಿ ಎಣಿಸಿ ಟೆಂಪೋಕ್ಕೆ ಏರಿಸುವ ಹೊತ್ತಿಗೆ ಒಬ್ಬ ಮುದುಕಿ ಬಂದು ಕೇಳಿಯೇ ಕೇಳುತ್ತಾಳೆ: "ತಮ್ಮಾ, ಆಗ ಎಲ್ಲಾರೂ ಕೂಡಿ ನಿಂತು ತಗಸಿಕೊಂಡ್ವಲ್ಲ, ಆ ಫೋಟೋ ನನಗೊಂದು ಬೇಕಪಾ." ಚಿಕ್ಕೋಡಿಯಿರಲಿ, ನಿಪ್ಪಾಣಿಯಿರಲಿ, ರಾಯಬಾಗ, ಅಥಣಿ, ಕಾಗವಾಡ ಯಾವುದೇ ಇರಲಿ, ಆಕೆಗೆ ಸಿಗುವ ಉತ್ತರ ಒಂದೇ: "ಮೊಬೈಲ್‌ನ್ಯಾಗ ಐತಲ್ಲಬೇ! ಗ್ರೂಪಿಗೆ ಹಾಕೇನಿ." ಮುದುಕಿಯ ಹತ್ತಿರ ಇರುವುದು ಬಟನ್ನಿನ ಫೋನು. ಆಕೆ ಯಾವ ಗ್ರೂಪಿನಲ್ಲೂ ಇಲ್ಲ. ಹೂಂ ಅಂತ ತಲೆಯಾಡಿಸಿ, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿಗೆ ನಡೆಯುತ್ತಾಳೆ.

ಕೊಟ್ಟಂತೆ ಮಾಡಿ ಕೊಡದೆ ಕಳಿಸುವ ಈ ಮಾತು ಮೊದಲು ಬರೀ ಆಲಸ್ಯದ ಮಾತಾಗಿತ್ತು. ಈಗ ಅದಕ್ಕೆ ಶಾಣ್ಯಾತನದ ಅಂಗಿ ತೊಡಿಸಿದ್ದಾರೆ. ಪ್ರಿಂಟು ಹಾಕಿಸುವುದು ಹಳೇ ಕಾಲದವರ ಖಯಾಲಿಯಂತೆ. ಕಾಗದ ದಂಡ, ರೊಕ್ಕ ದಂಡ, ಮನೆಯಲ್ಲಿ ಜಾಗ ದಂಡ; ಎಲ್ಲವೂ ಕ್ಲೌಡಿನಲ್ಲಿ ಭದ್ರವಾಗಿರುವಾಗ ಗೋಡೆಗೆ ಮೊಳೆ ಯಾಕೆ ಹೊಡೆಯಬೇಕು? ಕಳೆದ ವರ್ಷ ಅಂಕಲಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಪರಿಚಯದ ಮಾಸ್ತರರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: "ಹೊಳಿಸಾಲಿನ್ಯಾಗ ಇದ್ದು ಆಲ್ಬಮ್ ಹುಚ್ಚು ಯಾಕ್ರಿ? ಹತ್ತೊಂಬತ್ತರಾಗ ನೋಡ್ಲಿಲ್ಲೇನು? ಆಲ್ಬಮ್ ಹೊಳೀಪಾಲಾತು, ಮೊಬೈಲು ಕಿಸೇದಾಗ ಉಳೀತು."

ಉಳಿದೆಲ್ಲ ಮಾತಿಗಿಂತ ಇದು ಗಟ್ಟಿ. ಹಾಗಾಗಿ ಇಲ್ಲಿಂದಲೇ ಶುರು ಮಾಡುತ್ತೇನೆ. ಮಾಸ್ತರರಿಗೆ ಅಂದು ಉತ್ತರ ಕೊಡುವಷ್ಟರಲ್ಲಿ ಅವರ ರಾಯಬಾಗದ ಬಸ್ಸು ಬಂದಿತ್ತು.

2019ರ ಆಗಸ್ಟಿನಲ್ಲಿ ಏನಾಯಿತೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ಮೇಲೆ ಘಟ್ಟದಲ್ಲಿ ಮಳೆ, ಕೊಯ್ನಾದಿಂದ ನೀರು. ಪಂಚಗಂಗೆ, ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗೆ ಒಂದಾದ ಮೇಲೊಂದು ಕೃಷ್ಣೆಗೆ ಬಂದು ಬಿದ್ದವು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯೇ ನೀರಿನಡಿ ಹೋಯಿತು. ನಮ್ಮದು ಕಾಗವಾಡ ತಾಲ್ಲೂಕಿನ ಹೊಳೆಸಾಲಿನ ಊರು. ದನ ಮೊದಲು, ಜೋಳದ ಚೀಲ ಆಮೇಲೆ, ಉತಾರೆ-ಪಾಸ್‌ಬುಕ್ಕಿನ ಚೀಲ ಅವ್ವನ ಬಗಲಲ್ಲಿ. ಆಲ್ಬಮ್ಮಿನ ಟ್ರಂಕನ್ನು ಅಟ್ಟಕ್ಕೆ ಏರಿಸಿ ಬಂದೆವು. 2005ರ ಮಹಾಪೂರದಲ್ಲಿ ನೀರು ಅಟ್ಟ ಮುಟ್ಟಿರಲಿಲ್ಲ ಎಂಬ ಧೈರ್ಯ. ಈ ಸಲ ಅಟ್ಟವನ್ನೂ ನುಂಗಿತು.

ಒಂಬತ್ತನೇ ದಿನ ಒಳಗೆ ಕಾಲಿಟ್ಟಾಗ ಕಂಡದ್ದು: ಗೋಡೆಯ ಮೇಲಿನ ಚೌಕಟ್ಟಿನ ಫೋಟೋಗಳೇ ಎಲ್ಲಕ್ಕಿಂತ ಕೆಟ್ಟು ಹೋಗಿದ್ದವು. ಅಪ್ಪ-ಅವ್ವನ ಲಗ್ನದ ಫೋಟೋ ಗಾಜಿಗೆ ಅಂಟಿತ್ತು. ತಮ್ಮ ಗಡಬಡಿಸಿ ಎಳೆದ. ಕಾಗದ ಕೈಗೆ ಬಂತು, ಅಪ್ಪನ ಮುಖ ಗಾಜಿನ ಮೇಲೇ ಉಳಿಯಿತು. ಫೋಟೋ ಕಾಗದದ ಮೇಲೆ ಚಿತ್ರ ನಿಲ್ಲುವುದು ಜಿಲೆಟಿನ್ನಿನ ತೆಳು ಪದರಿನಲ್ಲಿ. ನೀರು ಕುಡಿದರೆ ಅದು ಮೆತ್ತಗಾಗಿ ಎದುರಿಗೆ ಸಿಕ್ಕಿದ್ದನ್ನು ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಗಾಜಿನ ಸಮೇತ ಮತ್ತೆ ತಣ್ಣೀರಲ್ಲಿ ಇಟ್ಟು ನಿಧಾನಕ್ಕೆ ಬಿಡಿಸಬೇಕಿತ್ತು. ಯಾರಿಗೆ ಗೊತ್ತಿತ್ತು?

ಟ್ರಂಕಿನ ಆಲ್ಬಮ್ಮು ಇಟ್ಟಂಗಿಯಾಗಿತ್ತು. ಅದನ್ನು ರಾಡಿಯ ಜೊತೆ ಟ್ರ್ಯಾಕ್ಟರಿಗೆ ಎಸೆಯಲು ಹೊರಟವನು ನಾನೇ. ಈಗ ಈ ಲೇಖನ ಬರೆಯುತ್ತಿರುವವನೂ ನಾನೇ. ಬಿಡದವಳು ಅತ್ತಿಗೆ. ಬಕೀಟಿನಲ್ಲಿ ಹಾಳೆ ಹಾಳೆ ಬಿಡಿಸಿ, ಹತ್ತಿಯಿಂದ ರಾಡಿ ಒರೆಸಿ, ಕಾಳಜಿ ಕೇಂದ್ರವಾಗಿದ್ದ ಶಾಲೆಯ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ, ಬಟ್ಟೆಯ ಚಿಮಟಿಗೆಗೆ ಸಿಕ್ಕಿಸಿ ಒಣಗಿಸಿದಳು. ಸೀರೆಗಳ ನಡುವೆ ನಮ್ಮ ಅಜ್ಜ, ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಬಣ್ಣದ ಪರದೆಯ ಮುಂದೆ ಮುಖ ಗಂಟು ಹಾಕಿ ಕೂತ ಚಿಕ್ಕಪ್ಪ, ನನ್ನ ಜಾವಳ, ಎಲ್ಲ ಗಾಳಿಗೆ ಆಡುತ್ತಿದ್ದವು. ಕಾಳಜಿ ಕೇಂದ್ರದ ಹೆಂಗಸರೆಲ್ಲ ಬಂದು ನೋಡಿ ಹೋದರು. 130ರಲ್ಲಿ 58 ಉಳಿದವು. ಅಂಚು ತಿಂದುಹೋಗಿದ್ದವು, ಆಕಾಶ ಇದ್ದಲ್ಲಿ ಹಸಿರು ಕಲೆ ಬಿದ್ದಿತ್ತು, ಮುಖಗಳಿದ್ದವು. ಅದೇ ಮನೆಯ ಅಣ್ಣನ ಮಗನ ಮೊಬೈಲು ದೋಣಿ ಹತ್ತುವಾಗ ನೀರಿಗೆ ಬಿದ್ದಿತ್ತು. 2014ರಿಂದ ತೆಗೆದದ್ದೆಲ್ಲ ಅದರಲ್ಲೇ. ಅವನು ಅದನ್ನು ನಾಲ್ಕು ದಿನ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟ, ಪಾಪ. ಅತ್ತಿಗೆಗೆ ಅದರಲ್ಲಿ ತೊಳೆಯಲು ಏನೂ ಇರಲಿಲ್ಲ.

ಆಮೇಲೆ ಓದಿ ತಿಳಿದದ್ದು: 2011ರ ಸುನಾಮಿಯ ನಂತರ ಜಪಾನಿನಲ್ಲಿ ಅತ್ತಿಗೆಯ ಈ ಬಕೀಟಿನ ಕೆಲಸವನ್ನೇ ಸಾವಿರಾರು ಜನ ಸ್ವಯಂಸೇವಕರು ಮಾಡಿದರು. ಯಾಮಾಮೊಟೊ ಎಂಬ ಒಂದೇ ಸಣ್ಣ ಊರಿನಲ್ಲಿ ರಾಡಿಯಿಂದ ಎತ್ತಿದ ಫೋಟೋಗಳು 7.5 ಲಕ್ಷದಷ್ಟು. ಅವನ್ನು ತೊಳೆದು, ಒಣಗಿಸಿ, ಗುರುತು ಹಿಡಿದವರಿಗೆ ಮರಳಿಸಿದರು. ಫಿಲ್ಮು ಮಾಡುವ ಫ್ಯೂಜಿ ಕಂಪನಿಯೇ ತೊಳೆಯುವ ರೀತಿ ಹೇಳಿಕೊಟ್ಟಿತು. ನಮ್ಮಲ್ಲಿ ಕಾಳಜಿ ಕೇಂದ್ರಕ್ಕೆ ಚಾಪೆ ಬಂತು, ಚಾದರ ಬಂತು, ಬಿಸ್ಕೀಟು ಬಂತು. ಫೋಟೋ ತೊಳೆಯಲು ಒಂದು ಅಗಲ ತಾಟು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. 2021ರ ಜುಲೈನಲ್ಲಿ ಮತ್ತೆ ನೀರು ಬಂದಾಗಲೂ ಹೊಳೆಯಲಿಲ್ಲ.

ಇಷ್ಟಾದರೂ 72 ಹೋದವಲ್ಲ ಎಂದು ಮಾಸ್ತರರು ಕೇಳಬಹುದು. ಹೋದವು. ಅಪ್ಪ-ಅವ್ವನ ಲಗ್ನದ ಫೋಟೋವೂ ಹೋಯಿತು. ಅದರ ಕತೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ದೀಪಾವಳಿಗೆ ಇಚಲಕರಂಜಿಯಿಂದ ಬಂದ ಸೋದರತ್ತೆ ಸೆರಗಿನಿಂದ ಒಂದು ಪ್ಲಾಸ್ಟಿಕ್ ಪಾಕೀಟು ತೆಗೆದಳು. ಅದೇ ಫೋಟೋ, 1978ರದು, ಕಪ್ಪು-ಬಿಳುಪು. ಹಿಂದೆ ಮಿರಜಿನ ಸ್ಟುಡಿಯೋದ ನೀಲಿ ಸಿಕ್ಕಾ, ಕೆಳಗೆ ಅಜ್ಜನ ಕೈಬರಹ. ಕನ್ನಡದಲ್ಲಿ ಶುರುವಾಗಿ ಅತ್ತೆಯ ಗಂಡನ ಮನೆಯವರಿಗೆ ತಿಳಿಯಲೆಂದು ಮರಾಠಿಯಲ್ಲಿ ಮುಗಿದಿತ್ತು. ಆ ಕಾಲದಲ್ಲಿ ಲಗ್ನದ ಫೋಟೋ ಒಂದೇ ಪ್ರತಿ ತೆಗೆಸುವ ಪದ್ಧತಿ ಇರಲಿಲ್ಲ. ಒಂದು ಮನೆಗೆ, ಒಂದು ಬೀಗರಿಗೆ, ಒಂದು ಸೋದರಮಾವನಿಗೆ, ಕೊಟ್ಟ ಹೆಣ್ಣುಮಕ್ಕಳಿಗೆ ಒಂದೊಂದು. ನಮ್ಮ ಭಾಗದಲ್ಲಿ ಕೊಟ್ಟುತಂದದ್ದು ಗಡಿ ನೋಡಿ ಅಲ್ಲ: ಮಿರಜ, ಇಚಲಕರಂಜಿ, ಕೊಲ್ಹಾಪುರ, ಇತ್ತ ಅಥಣಿ, ಆಚೆ ಜತ್ತ. ಎಲ್ಲ ಊರಿಗೂ ಒಂದೇ ದಿನ ಹೊಳೆ ಬರುವುದಿಲ್ಲ. ಕಂಪ್ಯೂಟರಿನವರು ಬ್ಯಾಕಪ್ಪು ಎಂದು ಕರೆಯುವುದನ್ನು ನಮ್ಮ ಅಜ್ಜ ಆಯಾರಿನ ಜೊತೆ ಕಳಿಸಿಬಿಟ್ಟಿದ್ದ.

ಆ ಫೋಟೋದಲ್ಲಿ ಇನ್ನೊಂದಿತ್ತು. ನಮ್ಮ ಮನೆ. ಮಹಾಪೂರದಲ್ಲಿ ನೆನೆದಿದ್ದ ಅದು, ನಾವು ಸಾಮಾನು ಹೊರತಂದ ಮೇಲೆ ಪೂರ್ತಿ ಬಿತ್ತು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಆ ವರ್ಷ 5 ಲಕ್ಷ ರೂಪಾಯಿ ಗೊತ್ತು ಮಾಡಿತ್ತು. ಸಮೀಕ್ಷೆಗೆ ಬಂದವರು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ಹಿಡಿದುಕೊಂಡು ಹೋದರು. ಯಾವುದರ ಫೋಟೋ? ಮಣ್ಣಿನ ಗುಂಪಿಯದು. ನಿಂತ ಮನೆಯ ಫೋಟೋ ನಮ್ಮ ಹತ್ತಿರ ಎಲ್ಲಿದೆ ಎಂದು ಹುಡುಕಿದರೆ, ನಾಲ್ವರು ಅಣ್ಣತಮ್ಮಂದಿರ ಆರು ಮೊಬೈಲಿನಲ್ಲಿ ಒಂದೂ ಇಲ್ಲ. ಇರುವ ಮನೆಯ ಫೋಟೋ ಯಾರು ತೆಗೆಯುತ್ತಾರೆ? ಇದ್ದದ್ದು ಅತ್ತೆಯ ಪಾಕೀಟಿನಲ್ಲಿ, ಮದುಮಕ್ಕಳ ಹಿಂದೆ: ಹೊಸ್ತಿಲು, ಬಾಗಿಲ ಚೌಕಟ್ಟಿನ ಕೆತ್ತನೆ, ಎಡಕ್ಕೆ ದೀಪದ ಮಾಡ, ಎತ್ತಿನ ಗೂಟ. ಹೊಸ ಮನೆಗೆ ಬಡಿಗನಿಗೆ ಆ ಬಾಗಿಲು ತೋರಿಸಿದ್ದು ಇದನ್ನು ಹಿಡಿದೇ.

ಇನ್ನು ಕ್ಲೌಡಿನ ಮಾತು. ಕ್ಲೌಡೆಂದರೆ ಮೋಡ. ಮೋಡವನ್ನು ನಂಬಿ ಕೂತರೆ ಏನಾಗುತ್ತದೆಂದು ಅಥಣಿಯ ಪೂರ್ವಭಾಗದ ಒಣಬೇಸಾಯದವರನ್ನು ಕೇಳಿ, ಹೇಳುತ್ತಾರೆ. ಗೂಗಲ್ ಫೋಟೋಸ್‌ನವರು ಎಷ್ಟು ಬೇಕಾದರೂ ಇಡಿ, ಪುಕ್ಕಟೆ ಎಂದಿದ್ದರು. 2021ರ ಜೂನ್ 1ಕ್ಕೆ ಆ ಧರ್ಮಛತ್ರ ಮುಚ್ಚಿತು. ಈಗ ಪುಕ್ಕಟೆ ಸಿಗುವುದು 15 ಜಿಬಿ, ಅದೂ ಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ. ಎರಡು ವರ್ಷ ಒಳಗೆ ಹೋಗದ ಖಾತೆಯನ್ನು ಅಳಿಸುತ್ತೇವೆಂದು ಹೇಳಿ, 2023ರ ಡಿಸೆಂಬರಿನಿಂದ ಅದನ್ನು ಜಾರಿಗೆ ತಂದರು. ಕಂಪನಿಯದು ತಪ್ಪು ಅನ್ನಲಾರೆ. ಅವರದು ವ್ಯಾಪಾರ, ಮೊದಲೇ ಹೇಳಿ ಮಾಡಿದ್ದಾರೆ. ತಪ್ಪು ಬಾಡಿಗೆಯ ಕೋಣೆಯನ್ನು ಸ್ವಂತ ಮನೆ ಎಂದುಕೊಂಡ ನಮ್ಮದು. ಗ್ರೂಪಿಗೆ ಹಾಕೇನಿ ಎನ್ನುವ ವಾಟ್ಸಾಪ್ ಇನ್ನೊಂದು ಸೋಗು: ಸಾಮಾನ್ಯವಾಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡಿಯೇ ದಾಟಿಸುತ್ತದೆ. ಹಾಗೆ ಮೂರು ಕೈ ದಾಟಿ ಬಂದ ಅಜ್ಜಿಯ ಮುಖವನ್ನು ದೊಡ್ಡದು ಮಾಡಿಸಲು ಹೋಗಿ ನೋಡಿ, ಮೂಗು ಚೌಕ ಚೌಕವಾಗಿ ಬರುತ್ತದೆ.

ಬೀಗದ ಕೈಯ ಮಾತು ಇವೆಲ್ಲಕ್ಕಿಂತ ಕಷ್ಟದ್ದು. ಕೋವಿಡ್ಡಿನ ಎರಡನೇ ಅಲೆಯಲ್ಲಿ ನನ್ನ ದೊಡ್ಡಪ್ಪನ ಮಗ ತೀರಿಕೊಂಡ. ನಲವತ್ತೆರಡು ವರ್ಷ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಫೋಟೋ ತೆಗೆಯುತ್ತಿದ್ದವನು ಅವನೇ: ಮಗಳು ಮೊದಲ ಸಲ ನಿಂತದ್ದು, ಕಬ್ಬಿನ ಗಾಡಿಯ ಮೇಲೆ ಮಕ್ಕಳ ಸಾಲು, ಹೆಂಡತಿ ರೊಟ್ಟಿ ಬಡಿಯುವುದು. ಫೋನು ಆಸ್ಪತ್ರೆಯಿಂದ ಅವನ ಬಟ್ಟೆಯ ಜೊತೆ ಬಂತು. ಪಿನ್ನು ಬರಲಿಲ್ಲ. ಹೆಂಡತಿ ಮಕ್ಕಳ ಹುಟ್ಟಿದ ದಿನ, ಲಗ್ನದ ದಿನ, ಗಾಡಿಯ ನಂಬರು ಎಲ್ಲ ಒತ್ತಿ ನೋಡಿದಳು. ದುರಸ್ತಿಯವನು, ತೆಗೆಯಬಹುದು ವೈನಿ, ಒಳಗಿರೋದೆಲ್ಲ ಅಳಿಸಿ ಹೋಗ್ತೈತಿ ಎಂದ. ಆಕೆ ಅಳಿಸಲು ಕೊಡಲಿಲ್ಲ. ಆ ಫೋನು ಈಗಲೂ ತಿಜೋರಿಯಲ್ಲಿದೆ, ಬಂಗಾರದ ಪಕ್ಕ. ಹಾರ ಹಾಕಲು ಫೋಟೋ ಬೇಕಾದಾಗ ಸಿಕ್ಕದ್ದು ಆಧಾರ್ ಕಾರ್ಡಿನದು; ಅದರಲ್ಲಿ ನಮ್ಮ ಅಣ್ಣ ಪೊಲೀಸರು ಹಿಡಿದವನ ಹಾಗೆ ಕಾಣುತ್ತಾನೆ. ಎಲ್ಲರ ಫೋಟೋ ತೆಗೆದವನ ಮನೆಯಲ್ಲಿ ಅವನದೊಂದು ನೆಟ್ಟಗಿನ ಫೋಟೋ ಇಲ್ಲ, ಅವನು ತೆಗೆದದ್ದೂ ಒಂದಿಲ್ಲ.

ನನ್ನ ತಕರಾರು ಇಷ್ಟೇ. ಫೋನಿನಲ್ಲಿರುವ ಫೋಟೋ ಒಬ್ಬನ ಹೆಬ್ಬೆರಳಿನ ಆಸ್ತಿ. ಪ್ರಿಂಟಾದದ್ದು ಮನೆಯದು. ಮನೆಯ ಮುದುಕಿಗೆ, ಐದು ವರ್ಷದ ಕೂಸಿಗೆ, ಬಂದ ಬೀಗರಿಗೆ ಯಾರ ಅಪ್ಪಣೆಯೂ ಬೇಡ. ತಲೆ ಎತ್ತಿದರೆ ಕಾಣುತ್ತದೆ. ನೆನಪು, ಭಾವನೆ ಎಂದೆಲ್ಲ ಕಣ್ಣೀರು ಸುರಿಸುವ ವಾದ ನನ್ನದಲ್ಲ. ಇದು ಪಾಲಿನ ಪ್ರಶ್ನೆ. ಹೊಲದ ಉತಾರೆಯಲ್ಲಿ ತನ್ನ ಹೆಸರಿಲ್ಲದಿದ್ದರೆ ಕೋರ್ಟಿಗೆ ಹೋಗುವ ಜನ ನಾವು. ಮನೆಯ ಮುಖಗಳೆಲ್ಲ ಒಬ್ಬನ ಕಿಸೆಯಲ್ಲಿದ್ದರೆ ಸುಮ್ಮನಿರುತ್ತೇವೆ.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳುವವನೂ ನಾನಲ್ಲ. ಹಳೆಯ ಕಾಲದಲ್ಲಿ ಫೋಟೋ ಇದ್ದದ್ದು ವಾಡೆಯವರಿಗೆ, ಇನಾಮದಾರರಿಗೆ, ಸಾಹುಕಾರರಿಗೆ. ನಿಪ್ಪಾಣಿಯ ಓಣಿಗಳಲ್ಲಿ ಬೀಡಿ ಕಟ್ಟುತ್ತ ಆಯುಷ್ಯ ಸವೆಸಿದ ಹೆಂಗಸರನ್ನು ಕೇಳಿ: ನಿಮ್ಮ ಮೊದಲ ಫೋಟೋ ಯಾವುದು? ಹಲವರು ತೋರಿಸುವುದು ಬೀಡಿ ಕಾರ್ಮಿಕರ ಗುರುತಿನ ಚೀಟಿ. ಇಲ್ಲವೆಂದರೆ, ಮುಖ್ಯ ಚುನಾವಣಾ ಆಯುಕ್ತ ಶೇಷನ್ನರ ಕಾಲದಲ್ಲಿ, 1993ರಿಂದ ಶುರುವಾದ ಮತದಾರರ ಚೀಟಿ. ಸರ್ಕಾರಕ್ಕೆ ಗುರುತು ಬೇಕಾದಾಗ ಮಾತ್ರ ಆಕೆಗೆ ಮುಖ ಬಂತು. ಆಕೆ ನಗುವ ಫೋಟೋ, ಮೊಮ್ಮಗನನ್ನು ಎತ್ತಿಕೊಂಡ ಫೋಟೋ ಕೊಟ್ಟದ್ದು ಮೊಬೈಲೇ. ಇದನ್ನು ಒಪ್ಪದವನು ಸುಳ್ಳುಗಾರ. ಒಪ್ಪಿದ ಮೇಲೆ ಸಿಟ್ಟು ಇಮ್ಮಡಿಯಾಗುತ್ತದೆ: ನೂರು ವರ್ಷ ಕಾದು ಮುಖ ಪಡೆದವರ ಮುಖವೇ ಮೊದಲು ಅಳಿಯುತ್ತಿದೆ. ದೇಸಗತಿಯವರ ತಾತನ ಫೋಟೋ ಬೆಳ್ಳಿಯ ಪದರಿನ ಕಾಗದದ ಮೇಲೆ ಇವತ್ತಿಗೂ ವಾಡೆಯ ಗೋಡೆಯಲ್ಲಿ ಮೀಸೆ ತಿರುವುತ್ತದೆ. ಬೀಡಿಯಾಕೆಯ ನಗು ಇರುವುದು ಮಗನ ಅಗ್ಗದ ಫೋನಿನಲ್ಲಿ. ಅದು ಎರಡು ವರ್ಷಕ್ಕೆ ಸ್ಟೋರೇಜ್ ಫುಲ್ ಎಂದು ಅರಚುತ್ತದೆ. ಆಗ ಅಳಿಸುವುದು ಯಾವುದನ್ನು? ಹೂವಿನ ಮೇಲೆ ಶುಭೋದಯ ಬರೆದದ್ದನ್ನು ಆರಿಸಿ ಅಳಿಸುವ ತಾಳ್ಮೆ ಯಾರಿಗೂ ಇಲ್ಲ. ಹಳೆಯದೆಲ್ಲ ಸೆಲೆಕ್ಟ್, ಡಿಲೀಟ್.

ಕಾಗದ ದಂಡ ಎನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ, ಚಿಕ್ಕೋಡಿ ಪೇಟೆಯಲ್ಲಿ ಒಂದು ಸುತ್ತು ಹಾಕಿಸುತ್ತೇನೆ. ಸಾಹೇಬರ ಹುಟ್ಟುಹಬ್ಬಕ್ಕೆ ಇಪ್ಪತ್ತು ಅಡಿ ಫ್ಲೆಕ್ಸು. ಕೆಳಗೆ ಶುಭಕೋರುವವರ ನಲವತ್ತು ಮುಖ. ಪ್ಲಾಸ್ಟಿಕ್ ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ನಿಷೇಧಿಸಿದೆ. ಆ ಆದೇಶದ ಮೇಲೂ ಒಂದು ಫ್ಲೆಕ್ಸು ಕಟ್ಟಿರಬೇಕು, ಕಾಣುತ್ತಿಲ್ಲ. ಎಂಟು ದಿನಕ್ಕೆ ಸಾಹೇಬರ ಫ್ಲೆಕ್ಸು ದನದ ಕೊಟ್ಟಿಗೆಗೆ ಮರೆಯಾಗುತ್ತದೆ, ಇಲ್ಲವೇ ಬಣವೆಗೆ ಹೊದಿಕೆ. ಸಾಹೇಬರ ಮುಖಕ್ಕೆ ಸಾವಿರಾರು ರೂಪಾಯಿ ಹಾಕುವ ಹುಡುಗನೇ, ನಿಪ್ಪಾಣಿಯ ಒಂದು ಪ್ಲೇಟು ಮಿಸಳದ ದುಡ್ಡಿಗೆ ಬರುವ ಅವ್ವನ ಮೂರು ನಾಲ್ಕು ಫೋಟೋಕ್ಕೆ ರೊಕ್ಕ ಯಾಕ ದಂಡ ಎನ್ನುತ್ತಾನೆ.

ಲಗ್ನದಲ್ಲಿ ಕರಿಜ್ಮಾ ಆಲ್ಬಮ್ ಮಾಡಿಸುತ್ತೇವಲ್ಲ ಎನ್ನಬೇಡಿ. ಒಂದು ಹಾಳೆ ರೊಟ್ಟಿಯಷ್ಟು ದಪ್ಪ, ಸೂಟ್‌ಕೇಸಿನಂಥ ಡಬ್ಬಿ, ಎತ್ತಲು ಇಬ್ಬರು ಬೇಕು. ಒಳಗೆ ಮದುಮಕ್ಕಳು ಯಾವುದೋ ದೇಶದ ಹಿಮಪರ್ವತದ ಮುಂದೆ, ಹೃದಯದೊಳಗೆ, ಗುಲಾಬಿಯೊಳಗೆ. ಹುಗ್ಗಿ ಕುದಿಸಿದ ಕಾಕಾ ಇಲ್ಲ, ಅರಿಷಿಣ ಕುಟ್ಟಿದವರಿಲ್ಲ, ಜಗಳ ಮಾಡಿ ಮೂಲೆಯಲ್ಲಿ ಕೂತ ಅಳಿಯನಿಲ್ಲ. ಅದು ಕುಟುಂಬದ ಫೋಟೋ ಅಲ್ಲ, ಮೆರವಣಿಗೆ. ನಾನು ಕೇಳುತ್ತಿರುವುದು ಅಂಗೈಯಲ್ಲಿ ಹಿಡಿಸುವ ನಾಲ್ಕು-ಆರು ಇಂಚಿನದು. ಕರಿಜ್ಮಾ ಬಿಟ್ಟರೆ ನಮ್ಮಲ್ಲಿ ಇನ್ನೂ ಪ್ರಿಂಟಾಗುತ್ತಿರುವುದು ಸತ್ತವರದು ಮಾತ್ರ. "ಫೋಟೋ ಹಾಕಿಸಬೇಕ್ರಿ" ಎಂದು ಸ್ಟುಡಿಯೋ ಮೆಟ್ಟಿಲು ಹತ್ತಿದರೆ, ಅಂಗಡಿಯವನು ಮೊದಲು ಕೇಳುವುದು: "ಯಾವಾಗ ತೀರಿಕೊಂಡ್ರು?"

ಒಬ್ಬ ಹಿರಿಯರು ನನ್ನ ಈ ವಾದಕ್ಕೆ ವೈರಾಗ್ಯದ ಅಡ್ಡಗಾಲು ಹಾಕಿದರು. ದೇಹವೇ ನಿಲ್ಲದು, ಕಾಗದ ಯಾಕೆ? ಅವರದು ಜೈನ ಮನೆತನ. ಅವರ ಪಡಸಾಲೆಯಲ್ಲೇ ಕೂತು ಮಾತಾಡುತ್ತಿದ್ದೆವು. ಎದುರಿನ ಗೋಡೆಯ ಮೇಲೆ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರ ಫೋಟೋ ಇತ್ತು. ಮೈಮೇಲೆ ನೂಲೊಂದನ್ನೂ ಇಟ್ಟುಕೊಳ್ಳದೆ 2024ರ ಫೆಬ್ರವರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟವರು. ಎಲ್ಲ ಬಿಟ್ಟವರ ಮುಖವನ್ನೇ ನೀವು ಬಿಟ್ಟಿಲ್ಲವಲ್ಲ ಎಂದೆ. ಹಿರಿಯರು ನಕ್ಕು ಚಹಾ ತರಿಸಿದರು.

ಕಾಗದ ಅಮರ ಎಂದು ನಾನು ಹೇಳಿಲ್ಲ. ಎಂಬತ್ತರ ದಶಕದ ಕಲರ್ ಫೋಟೋಗಳು ಕೆಂಪಿಗೆ ತಿರುಗಿರುವುದನ್ನು ಎಲ್ಲ ಮನೆಯಲ್ಲೂ ನೋಡಬಹುದು. ಅವುಗಳ ನೀಲಿ ಬಣ್ಣ ಮೊದಲು ಸಾಯುತ್ತದೆ. ಅಂಟಿನ ಹಾಳೆಯ ಆಲ್ಬಮ್ಮು ಫೋಟೋದ ವೈರಿ. ಗೆದ್ದಲಿದೆ, ಹೊಳೆಯಿದೆ. ಆದರೂ ಕಾಗದ ಕೆಡುವಾಗ ಕಾಣುವಂತೆ ಕೆಡುತ್ತದೆ. ಅಂಚು ಹಳದಿಯಾಯಿತು, ಇನ್ನೊಂದು ಪ್ರತಿ ತೆಗೆಸೋಣ ಎನ್ನಲು ವರ್ಷಗಟ್ಟಲೆ ಪುರಸೊತ್ತು ಕೊಡುತ್ತದೆ. ಫೋನು ನಿನ್ನೆ ರಾತ್ರಿಯವರೆಗೆ ಚೆನ್ನಾಗಿರುತ್ತದೆ.

ಹಾಕಿಸುವವರಿಗೆ ನಾಲ್ಕು ಮಾತು, ನಾವು ಕಳೆದುಕೊಂಡು ಕಲಿತದ್ದು. ಅಲ್ಲೇ ನಿಂತು ಐದು ನಿಮಿಷದಲ್ಲಿ ಕೊಡುವ ಇಂಕ್‌ಜೆಟ್ ಪ್ರಿಂಟಿನ ಶಾಯಿ ಎಷ್ಟೋ ಸಲ ನೀರು ತಾಗಿದರೆ ಹರಿಯುತ್ತದೆ; ಹೊಳೆಸಾಲಿನವರು ಒಂದು ದಿನ ತಡವಾದರೂ ಲ್ಯಾಬಿನ ರಾಸಾಯನಿಕ ಕಾಗದದ ಪ್ರಿಂಟನ್ನೇ ಕೇಳಿ. ಗಾಜು ಹಾಕಿಸಿದರೆ ಫೋಟೋಕ್ಕೂ ಗಾಜಿಗೂ ನಡುವೆ ದಪ್ಪ ಕಾಗದದ ಅಂಚು ಕೊಡಿಸಿ, ಮುಖ ಗಾಜಿಗೆ ತಾಗಬಾರದು. ಬೆನ್ನಿಗೆ ಹೆಸರು, ಊರು, ವರ್ಷ ಬರೆಯಿರಿ. ಬಾಲ್‌ಪೆನ್ನು ಒತ್ತಿದರೆ ಮುಂದೆ ಗೆರೆ ಮೂಡುತ್ತದೆ, ಮಾರ್ಕರಿನಿಂದ ಹಗುರಾಗಿ ಬರೆದು ಆರಲು ಬಿಡಿ. "ನಮ್ಮ ಅತ್ತೆ" ಎಂದು ಬರೆಯಬೇಡಿ, ಯಾರ ಅತ್ತೆಯೆಂದು ಇಪ್ಪತ್ತು ವರ್ಷಕ್ಕೆ ಯಾರಿಗೂ ತಿಳಿಯುವುದಿಲ್ಲ. ಪ್ರತಿಯೊಂದನ್ನೂ ಮೂರು ಹಾಕಿಸಿ. ಒಂದು ಮನೆಯಲ್ಲಿ, ಒಂದು ಹೊಳೆಯಿಂದ ದೂರದ ಊರಿನ ಬೀಗರಲ್ಲಿ.

ಮೂರನೆಯದು, ಲಗ್ನದಲ್ಲಿ ಕೇಳಿದ್ದ ಆ ಮುದುಕಿಗೆ ತಲುಪಿಸಿ. ಕೃಷ್ಣೆಗೆ ನೀರು ಏರುವುದು ಜುಲೈ-ಆಗಸ್ಟಿನಲ್ಲಿ. ಅದಕ್ಕೂ ಮುಂಚೆ.